ಥಾಮಸ್ ಮೆಲನ್ನನ ಮರಿಮಕ್ಕಳು

1818ರಲ್ಲಿ ಅಮೆರಿಕಕ್ಕೆ ಹೋಗುವವರನ್ನು ತಡೆದು ನಿಲ್ಲಿಸಿ ಕಾಗದಪತ್ರ ಕೇಳುವವರು ಯಾರೂ ಇರಲಿಲ್ಲ. ವೀಸಾ ಇರಲಿಲ್ಲ. ವರ್ಷಕ್ಕೆ ಇಷ್ಟೇ ಜನ ಬರಬೇಕೆಂಬ ಮಿತಿಯೂ ಇರಲಿಲ್ಲ. ಹಡಗಿನಿಂದ ಇಳಿದವರ ಹೆಸರಿನ ಪಟ್ಟಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಕಾನೂನನ್ನು ಅಲ್ಲಿನ ಕಾಂಗ್ರೆಸ್ ಮಾಡಿದ್ದೇ 1819ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಐರ್ಲೆಂಡಿನ ಉತ್ತರ ಭಾಗದ ಟೈರೋನ್ ಕೌಂಟಿಯಿಂದ ಆಂಡ್ರೂ ಮೆಲನ್ ಎಂಬ ಸಣ್ಣ ರೈತ, ಹೆಂಡತಿ ರೆಬೆಕ್ಕಾ ಮತ್ತು ಐದು ವರ್ಷದ ಮಗ ಥಾಮಸನನ್ನು ಕರೆದುಕೊಂಡು ಹಡಗು ಹತ್ತಿದ. ಆ ಹುಡುಗನ ವಂಶ ಮುಂದೆ ಅಮೆರಿಕದ ಅತಿ ಶ್ರೀಮಂತ ಮನೆತನಗಳಲ್ಲಿ ಒಂದಾಯಿತು. ಅಲ್ಯೂಮಿನಿಯಂ, ತೈಲ, ಬ್ಯಾಂಕು, ದೇಶದ ಖಜಾನೆ, ವಾಷಿಂಗ್ಟನ್ನಿನ ದೊಡ್ಡ ಕಲಾಭವನ, ಎಲ್ಲೆಲ್ಲೂ ಈ ಮನೆತನದ ಕೈ ಇದೆ. ಆದರೆ ಹಣದ ಕಥೆಗಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ವಲಸೆ ಬಂದ ಒಬ್ಬ ಹುಡುಗನ ಮರಿಮಕ್ಕಳು, ತಮ್ಮ ಮನೆಯ ವಲಸೆಯಿಂದ ಒಬ್ಬೊಬ್ಬರೂ ಒಂದೊಂದು ಪಾಠ ಕಲಿತರು. ಆ ಪಾಠಗಳು ಒಂದಕ್ಕೊಂದು ಪೂರಾ ವಿರುದ್ಧವಾಗಿದ್ದವು.

ಮೆಲನ್ನರು ಐರ್ಲೆಂಡಿನ ಮೂಲದವರೇನಲ್ಲ. 1607ರಲ್ಲಿ ಅಲ್‌ಸ್ಟರ್ ಪ್ರಾಂತದ ಗೇಲಿಕ್ ಪಾಳೆಯಗಾರರು ದೇಶ ಬಿಟ್ಟು ಹೋದ ಮೇಲೆ ಒಂದನೇ ಜೇಮ್ಸ್ ದೊರೆ ಅವರ ಭೂಮಿಯನ್ನು ಮುಟ್ಟುಗೋಲು ಹಾಕಿ, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಪ್ರಾಟೆಸ್ಟಂಟರಿಗೆ ಹಂಚಿದ. ಹೀಗೆ ಆ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ಬಂದು ಅಲ್‌ಸ್ಟರಿನಲ್ಲಿ ಬೇರು ಬಿಟ್ಟ ಪ್ರೆಸ್ಬಿಟೇರಿಯನ್ ರೈತರ ಸಂತತಿಯನ್ನೇ ಅಮೆರಿಕದಲ್ಲಿ ಸ್ಕಾಚ್-ಐರಿಶ್ ಎಂದು ಕರೆದರು. ಇವರ ಸ್ಥಿತಿ ವಿಚಿತ್ರವಾಗಿತ್ತು. ಕೆಳಗೆ, ಭೂಮಿ ಕಳೆದುಕೊಂಡ ಕ್ಯಾಥೊಲಿಕ್ಕರ ಸಿಟ್ಟು. ಮೇಲೆ, ಆಂಗ್ಲಿಕನ್ ಜಮೀನ್ದಾರರ ಗೇಣಿ. ತಾವು ಕಾಲಿಡದ ಚರ್ಚಿಗೂ ದಶಾಂಶ ತೆರಬೇಕು. 1704ರ ಕಾನೂನಿನ ನಂತರ ಸರ್ಕಾರಿ ಹುದ್ದೆಗಳ ಬಾಗಿಲೂ ಮುಚ್ಚಿತು. ಗೇಣಿ ಏರಿತು, ಲಿನನ್ ವ್ಯಾಪಾರ ಕುಸಿದಾಗಲೆಲ್ಲ ಹೊಟ್ಟೆಗೆ ತತ್ವಾರವಾಯಿತು. ಹದಿನೆಂಟನೇ ಶತಮಾನದ ಉದ್ದಕ್ಕೂ ಇವರು ಸಾವಿರ ಸಾವಿರ ಸಂಖ್ಯೆಯಲ್ಲಿ ಅಟ್ಲಾಂಟಿಕ್ ದಾಟಿ ಪೆನ್ಸಿಲ್ವೇನಿಯಾ, ವರ್ಜೀನಿಯಾ, ಕೆರೊಲೈನಾಗಳ ಬೆಟ್ಟಗಾಡಿಗೆ ನುಗ್ಗಿದರು.

ಮೆಲನ್ನರು ಹೊರಟಿದ್ದು ಈ ಅಲೆಯ ಬಾಲದಲ್ಲಿ. ನೆಪೋಲಿಯನ್ ಯುದ್ಧ ಮುಗಿದು ಧಾನ್ಯದ ಬೆಲೆ ಬಿದ್ದಿತ್ತು, ತೆರಿಗೆ ಮಾತ್ರ ಇಳಿದಿರಲಿಲ್ಲ. ಅಜ್ಜ ಆರ್ಚಿಬಾಲ್ಡ್ 1816ರಲ್ಲೇ ಹೋಗಿ ಪೆನ್ಸಿಲ್ವೇನಿಯಾದ ವೆಸ್ಟ್‌ಮೋರ್‌ಲ್ಯಾಂಡ್ ಕೌಂಟಿಯಲ್ಲಿ ನೆಲೆಸಿದ್ದ. ಮಗ ಆಂಡ್ರೂ, ಓಮಾ ಪಟ್ಟಣದ ಹತ್ತಿರ ಕ್ಯಾಂಪ್ ಹಿಲ್ ಎಂಬಲ್ಲಿ ತಾನೇ ಕಟ್ಟಿದ್ದ ಹುಲ್ಲು ಮಾಡಿನ ಮನೆಯನ್ನೂ ಹೊಲವನ್ನೂ ಬಿಟ್ಟು ಅಪ್ಪನ ಹಿಂದೆ ಹೊರಟ. ಮೊದಲು ಕೆನಡಾ ಕಡೆಯ ನ್ಯೂ ಬ್ರನ್ಸ್‌ವಿಕ್, ಅಲ್ಲಿಂದ ಸಮುದ್ರದ ಮೇಲೆಯೇ ಬಾಲ್ಟಿಮೋರ್, ಅಲ್ಲಿಂದ ಕಾನೆಸ್ಟೋಗ ಎಂಬ ದೊಡ್ಡ ಕಮಾನು ಬಂಡಿಯಲ್ಲಿ ಆಲೆಗೆನಿ ಬೆಟ್ಟಸಾಲು ಹತ್ತಿ ಇಳಿದು ವೆಸ್ಟ್‌ಮೋರ್‌ಲ್ಯಾಂಡ್. ಸೇರಿದ ಜಾಗಕ್ಕೆ ಜನ ಇಟ್ಟಿದ್ದ ಹೆಸರು ‘ಪಾವರ್ಟಿ ಪಾಯಿಂಟ್’, ನಮ್ಮ ಮಾತಲ್ಲಿ ಬಡತನದ ಮೂಲೆ. ಇವರು ಕಾಲೂರಿದ ಮರುವರ್ಷವೇ, 1819ರಲ್ಲಿ, ಅಮೆರಿಕದ ಹಣಕಾಸು ವ್ಯವಸ್ಥೆ ಕುಸಿದು ಬಿತ್ತು. ಸಾಲ ಎಂದರೆ ಏನು, ಸಾಲ ತೀರಿಸಲಾಗದವನ ಗತಿ ಏನು ಎಂಬುದನ್ನು ಥಾಮಸ್ ಅಕ್ಷರ ಕಲಿಯುವ ವಯಸ್ಸಿನಲ್ಲೇ ಕಂಡ.

ಒಂಬತ್ತು ಹತ್ತರ ವಯಸ್ಸಿನಲ್ಲಿ ಅವನು ಮೊದಲ ಸಲ ಪಿಟ್ಸ್‌ಬರ್ಗ್ ನೋಡಿದ. ದಾರಿಯಲ್ಲಿ ಈಸ್ಟ್ ಲಿಬರ್ಟಿಯಲ್ಲಿ ನೆಗ್ಲಿ ಎಂಬ ಸಾಹುಕಾರರ ದೊಡ್ಡ ಮನೆ, ಗಿರಣಿ, ಕಣ್ಣು ಹಾಯುವಷ್ಟು ದೂರ ಅವರದೇ ಹೊಲ. ಹುಡುಗ ನಿಂತು ನೋಡಿದ, ಮರೆಯಲಿಲ್ಲ. ಹದಿನಾಲ್ಕರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಬರೆದ ಆತ್ಮಕಥೆ ಕೈಗೆ ಸಿಕ್ಕಿತು. ತನಗಿಂತ ಬಡವನಾಗಿದ್ದ ಒಬ್ಬ ಹುಡುಗ ದುಡಿದು, ಓದಿ, ಮಿತವಾಗಿ ಬದುಕಿ ದೊಡ್ಡವನಾಗಬಹುದಾದರೆ ತಾನೇಕೆ ಆಗಬಾರದು ಎಂಬ ಯೋಚನೆ ಆಗ ತಲೆಗೆ ಹೊಕ್ಕಿತು.

ಅಪ್ಪನಿಗೆ ಈ ಯೋಚನೆ ಹಿಡಿಸಲಿಲ್ಲ. ಆಂಡ್ರೂವಿನ ಕಣ್ಣಿನಲ್ಲಿ ಸ್ವಂತ ಭೂಮಿಗಿಂತ ದೊಡ್ಡದು ಲೋಕದಲ್ಲಿ ಯಾವುದೂ ಇರಲಿಲ್ಲ. ಐರ್ಲೆಂಡಿನಲ್ಲಿ ಯಾರದೋ ನೆಲಕ್ಕೆ ಗೇಣಿ ಕಟ್ಟಿದ್ದವನಿಗೆ ಅದು ಸಹಜ. ಮಗನಿಗಾಗಿ ಪಕ್ಕದಲ್ಲೇ ಒಂದು ಹೊಲ ನೋಡಿದ. ಥಾಮಸ್ ಓದನ್ನು ಮರೆತು ಒಕ್ಕಲುತನಕ್ಕೆ ನಿಲ್ಲಬೇಕು. ಹದಿನೇಳರ ಹುಡುಗ ಹೂಂ ಎಂದೂ ಆಗಿತ್ತು. ಕಾಗದಕ್ಕೆ ಸಹಿ ಹಾಕಲು ಅಪ್ಪ ಅಮ್ಮ ಗ್ರೀನ್ಸ್‌ಬರ್ಗ್ ಪಟ್ಟಣಕ್ಕೆ ಹೊರಟರು. ಇವನು ಗುಡ್ಡದ ಮೇಲೆ ಬೇಲಿಗೆ ಮರ ಕಡಿಯುತ್ತಿದ್ದ. ಕೊಡಲಿ ಬೀಸುತ್ತಿದ್ದಂತೆ ತನ್ನ ಮುಂದಿನ ಬದುಕೆಲ್ಲ ಕಣ್ಣ ಮುಂದೆ ಬಂತು: ಇದೇ ಗುಡ್ಡ, ಇದೇ ಕೊಡಲಿ, ಸಾಯುವ ತನಕ. ಕೊಡಲಿ ಬಿಸಾಡಿ ಕೋಟು ಏರಿಸಿಕೊಂಡು ಓಡತೊಡಗಿದ. ಗ್ರೀನ್ಸ್‌ಬರ್ಗ್ ಹತ್ತು ಮೈಲಿ. ಏದುಸಿರು ಬಿಡುತ್ತಾ ಊರು ಸೇರಿದಾಗ ಸಹಿ ಇನ್ನೂ ಬಿದ್ದಿರಲಿಲ್ಲ. ಬೇಡಪ್ಪ, ಈ ಹೊಲ ಕೊಳ್ಳಬೇಡ ಎಂದ. ಅಪ್ಪ ಕೊಳ್ಳಲಿಲ್ಲ. ಈ ಮನೆತನದ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ದಿನ ಇನ್ನೊಂದಿಲ್ಲ ಎಂದೇ ನಾನು ತಿಳಿದಿದ್ದೇನೆ. ಹಡಗು ಹತ್ತಿದ್ದು ಅಪ್ಪನ ವಲಸೆ. ಮಗ ಸ್ವಂತವಾಗಿ ವಲಸೆ ಹೋದದ್ದು ಆ ಹತ್ತು ಮೈಲಿಯಲ್ಲಿ.

ಮುಂದಿನದು ಬೇಗ ಬೇಗ ನಡೆಯಿತು. ಇಂದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯವಾಗಿರುವ ಸಂಸ್ಥೆಯಿಂದ 1837ರಲ್ಲಿ ಪದವಿ, ಮರುವರ್ಷ ವಕೀಲಿಯ ಸನ್ನದು. ಸಾಲ, ಅಡಮಾನ, ಜಪ್ತಿಯ ವ್ಯಾಜ್ಯಗಳಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಫೀಸಿನ ಹಣವನ್ನು ಭೂಮಿಗೂ ಅಡಮಾನಕ್ಕೂ ಹಾಕಿದ. 1845ರ ಬೆಂಕಿಯಲ್ಲಿ ಪಿಟ್ಸ್‌ಬರ್ಗಿನ ದೊಡ್ಡ ಭಾಗ ಸುಟ್ಟುಹೋದಾಗ ಸಣ್ಣ ಸಣ್ಣ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟ. 1843ರಲ್ಲಿ ಮದುವೆಯಾದ. ಹುಡುಗಿ ಸಾರಾ ಜೇನ್ ನೆಗ್ಲಿ, ಚಿಕ್ಕಂದಿನಲ್ಲಿ ಅವನು ನಿಂತು ನೋಡಿದ್ದ ಅದೇ ದೊಡ್ಡ ಮನೆಯ ಮಗಳು. 1859ರಲ್ಲಿ ನ್ಯಾಯಾಧೀಶನಾಗಿ ಆಯ್ಕೆಯಾದ, ಹತ್ತು ವರ್ಷ ಪೀಠದಲ್ಲಿದ್ದ. 1870ರ ಜನವರಿಯಲ್ಲಿ ‘ಟಿ. ಮೆಲನ್ ಅಂಡ್ ಸನ್ಸ್’ ಎಂಬ ಹೆಸರಿನಲ್ಲಿ ಬ್ಯಾಂಕು ತೆರೆದ. ಬ್ಯಾಂಕಿನ ಮುಂಭಾಗದಲ್ಲಿ ಫ್ರಾಂಕ್ಲಿನ್ನನ ಪ್ರತಿಮೆ ನಿಲ್ಲಿಸಿದ. ಮರುವರ್ಷ ಇಪ್ಪತ್ತೊಂದು ವರ್ಷದ ಹೆನ್ರಿ ಕ್ಲೇ ಫ್ರಿಕ್, ಕಲ್ಲಿದ್ದಲಿನಿಂದ ಕೋಕ್ ಮಾಡುವ ಒಲೆ ಕಟ್ಟಿಸಲು ಸಾಲ ಕೇಳಿ ಬಂದ. ಥಾಮಸ್ 10,000 ಡಾಲರ್ ಕೊಟ್ಟ. ಪಿಟ್ಸ್‌ಬರ್ಗಿನ ಉಕ್ಕಿನ ಕುಲುಮೆಗಳಿಗೆ ಬೇಕಾದ ಕೋಕಿನಲ್ಲಿ ಬಹುಪಾಲು ಮುಂದೆ ಈ ಫ್ರಿಕ್ಕನ ಕೈಯಲ್ಲಿತ್ತು.

ಈ ಮನುಷ್ಯನ ಒಳಗನ್ನು ನಾವು ಇಷ್ಟು ಹತ್ತಿರದಿಂದ ನೋಡಲು ಸಾಧ್ಯವಾಗಿರುವುದು ಅವನೇ ಬರೆದ ಆತ್ಮಕಥೆಯಿಂದ. ‘ಥಾಮಸ್ ಮೆಲನ್ ಅಂಡ್ ಹಿಸ್ ಟೈಮ್ಸ್’ 1885ರಲ್ಲಿ ಅಚ್ಚಾಯಿತು, ಮಾರಾಟಕ್ಕಲ್ಲ, ಮನೆಯವರಿಗೆ ಮತ್ತು ಆಪ್ತರಿಗೆ. ಅಮೆರಿಕದ ಸಾಹುಕಾರರು ಬರೆದ ಆತ್ಮಕಥೆಗಳಲ್ಲಿ ಇಷ್ಟು ಬಿಚ್ಚುಮಾತಿನದು ವಿರಳ. ಹುಟ್ಟಿದ ಎಂಟು ಮಕ್ಕಳಲ್ಲಿ ಮೂವರು ಚಿಕ್ಕಂದಿನಲ್ಲೇ ತೀರಿಕೊಂಡರು. 1862ರಲ್ಲಿ ಒಂಬತ್ತು ವರ್ಷದ ಮಗ ಸೆಲ್ವಿನ್ ಗಂಟಲಮಾರಿಗೆ ಬಲಿಯಾದ. ಬಡ್ಡಿ, ಬಾಡಿಗೆ, ಆಸ್ತಿ ಎಂದು ಪುಟಗಟ್ಟಲೆ ಲೆಕ್ಕ ಬರೆಯುವ ಈ ಕಟ್ಟುನಿಟ್ಟಿನ ನ್ಯಾಯಾಧೀಶ, ಆ ಮಗುವಿನ ಮಾತಿಗೆ ಬಂದಾಗ ತಂದೆಯಾಗಿ ಮಾತ್ರ ಉಳಿಯುತ್ತಾನೆ. ಅಂತರ್ಯುದ್ಧದ ಕಾಲದಲ್ಲಿ ಮಗ ಜೇಮ್ಸ್ ಸೈನ್ಯಕ್ಕೆ ಸೇರುತ್ತೇನೆ ಎಂದಾಗ ಅವನು ಬಿಲ್‌ಕುಲ್ ಒಪ್ಪಲಿಲ್ಲ. ಪ್ರಾಣ ಒಡ್ಡುವ ಕೆಲಸಕ್ಕೆ ಬೇರೆಯವರಿದ್ದಾರೆ ಎಂಬ ಧಾಟಿಯಲ್ಲಿ ಮಗನಿಗೆ ಕಾಗದ ಬರೆದ. ಅದನ್ನು ಓದಿದರೆ ಮನಸ್ಸು ಕಹಿಯಾಗುತ್ತದೆ. ಆದರೆ ಮಕ್ಕಳನ್ನು ಹೂಳಿಬಂದ ತಂದೆ ಅದನ್ನು ಬರೆದ ಎನ್ನುವುದನ್ನೂ ನೆನಪಿನಲ್ಲಿಡಬೇಕು.

ಇನ್ನೊಂದು ವಿಷಯದಲ್ಲಿ ಮಾತ್ರ ಅವನಿಗೆ ರಿಯಾಯಿತಿ ಕೊಡಲು ನನ್ನಿಂದಾಗದು. ಅದೇ ಪುಸ್ತಕದಲ್ಲಿ ಅವನು ಐರಿಶ್ ಕ್ಯಾಥೊಲಿಕ್ಕರನ್ನು ಹೀನಾಯವಾಗಿ ಕಾಣುತ್ತಾನೆ. ತನ್ನ ಸ್ಕಾಚ್-ಐರಿಶ್ ಕುಲಕ್ಕೆ ದುಡಿಮೆ, ಮಿತವ್ಯಯ, ಪ್ರಾಮಾಣಿಕತೆಗಳು ಹುಟ್ಟಿನಿಂದಲೇ ಬಂದವು, ಅದರಿಂದಲೇ ತಾವು ಗೆದ್ದೆವು ಎನ್ನುವುದು ಅವನ ವಾದ. ಬಾಗಿಲು ತೆರೆದಿತ್ತು, ಭೂಮಿ ಅಗ್ಗವಾಗಿತ್ತು, ಪೌರತ್ವದ ಕಾನೂನು ಬಿಳಿಯರಿಗೆ ಮಾತ್ರ ಮೀಸಲಾಗಿತ್ತು, ಆ ಭೂಮಿಯ ಮೂಲನಿವಾಸಿಗಳನ್ನು ಆಗಲೇ ಒಕ್ಕಲೆಬ್ಬಿಸಲಾಗಿತ್ತು. ಇವನ್ನೆಲ್ಲ ತನ್ನ ಗೆಲುವಿನ ಲೆಕ್ಕಕ್ಕೆ ಅವನು ಸೇರಿಸಲಿಲ್ಲ. ಮನೆತನದ ಮುಂದಿನ ಪೀಳಿಗೆಗಳು ಓದಿದ್ದು ಈ ಪುಸ್ತಕವನ್ನೇ.

1882ರಲ್ಲಿ ಥಾಮಸ್ ಐರ್ಲೆಂಡಿಗೆ ಹೋದ. ಅರವತ್ತನಾಲ್ಕು ವರ್ಷಗಳ ಮೇಲೆ ಕ್ಯಾಂಪ್ ಹಿಲ್ಲಿನ ಮನೆ ಹುಡುಕಿದ. ಮನೆ ನೆನಪಿನಲ್ಲಿದ್ದಂತೆಯೇ ಇತ್ತು. ಅದೇ ವರ್ಷ ಬ್ಯಾಂಕನ್ನು ಇಪ್ಪತ್ತೇಳರ ಮಗ ಆಂಡ್ರೂ ವಿಲಿಯಮ್ಮನಿಗೆ ವಹಿಸಿದ. ತಾನು 1908ರ ಫೆಬ್ರವರಿ 3ರಂದು, ಸರಿಯಾಗಿ ತೊಂಬತ್ತೈದನೇ ಹುಟ್ಟುಹಬ್ಬದ ದಿನ ತೀರಿಕೊಂಡ.

ಎರಡನೇ ಪೀಳಿಗೆಯ ಈ ಆಂಡ್ರೂ ಮೆಲನ್ ಬಗ್ಗೆ ದೊಡ್ಡ ದೊಡ್ಡ ಪುಸ್ತಕಗಳು ಬಂದಿವೆ, ಇಲ್ಲಿ ಅಷ್ಟನ್ನೂ ಹೇಳಬೇಕಾಗಿಲ್ಲ. ತೆಳ್ಳನೆಯ, ಮಾತು ಕಡಿಮೆಯ ಮನುಷ್ಯ. ಅಪ್ಪ ಜಾಮೀನು ನೋಡಿ ಸಾಲ ಕೊಟ್ಟರೆ ಇವನು ಹೊಸ ವಿದ್ಯೆ ನೋಡಿ ಪಾಲು ತೆಗೆದುಕೊಂಡ. ಅಲ್ಯೂಮಿನಿಯಮ್ಮನ್ನು ಅಗ್ಗವಾಗಿ ತಯಾರಿಸುವ ವಿಧಾನ ಕಂಡುಹಿಡಿದಿದ್ದ ಚಾರ್ಲ್ಸ್ ಮಾರ್ಟಿನ್ ಹಾಲ್‌ನ ಕಂಪನಿಗೆ 1889ರ ಸುಮಾರಿಗೆ ಹಣ ಹಾಕಿದ. ಮುಂದೆ ಅದೇ ಅಲ್ಕೋವಾ ಆಯಿತು. 1901ರಲ್ಲಿ ಟೆಕ್ಸಾಸಿನ ಸ್ಪಿಂಡಲ್‌ಟಾಪ್‌ನಲ್ಲಿ ತೈಲ ಚಿಮ್ಮಿದಾಗ ಮೆಲನ್ನರ ಹಣ ಅಲ್ಲಿಗೂ ಹೋಯಿತು. ಅಣ್ಣ ಜೇಮ್ಸನ ಮಗ ವಿಲಿಯಂ ಲ್ಯಾರಿಮರ್ ಮೆಲನ್ ಅದನ್ನು ಗಲ್ಫ್ ಆಯಿಲ್ ಆಗಿ ಬೆಳೆಸಿದ. ತಮ್ಮ ರಿಚರ್ಡ್ ಜೀವನಪರ್ಯಂತ ಆಂಡ್ರೂವಿನ ಹೆಗಲಿಗೆ ಹೆಗಲು ಕೊಟ್ಟ. ಅಣ್ಣತಮ್ಮಂದಿರು 1913ರಲ್ಲಿ ಸ್ಥಾಪಿಸಿದ ಮೆಲನ್ ಸಂಶೋಧನಾ ಸಂಸ್ಥೆ 1967ರಲ್ಲಿ ಕಾರ್ನೆಗಿ ತಾಂತ್ರಿಕ ಸಂಸ್ಥೆಯೊಂದಿಗೆ ಸೇರಿತು. ನಮ್ಮ ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೀಟು ಸಿಕ್ಕರೆ ಸಾಕೆಂದು ಹಂಬಲಿಸುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹೆಸರಿನ ಎರಡನೇ ಅರ್ಧ ಬಂದದ್ದು ಹೀಗೆ.

1921ರಿಂದ 1932ರ ತನಕ ಮೂವರು ಅಧ್ಯಕ್ಷರ ಕೈಕೆಳಗೆ ಆಂಡ್ರೂ ದೇಶದ ಖಜಾನೆಯ ಕಾರ್ಯದರ್ಶಿ. ಆದಾಯ ತೆರಿಗೆಯ ಅತಿ ಮೇಲಿನ ದರವನ್ನು ಶೇ. 73ರಿಂದ ಶೇ. 25ಕ್ಕೆ ಇಳಿಸಿದ. ಅವನು ಸಂಪುಟದಲ್ಲಿದ್ದಾಗಲೇ, 1924ರಲ್ಲಿ, ದೇಶವಾರು ಕೋಟಾ ಹಾಕಿ ವಲಸೆಯನ್ನು ಬಿಗಿಮಾಡುವ ಕಾನೂನಿಗೆ ಅಧ್ಯಕ್ಷ ಕೂಲಿಜ್ ಸಹಿ ಹಾಕಿದರು. ಏಷ್ಯಾದವರಿಗೆ ಬಾಗಿಲು ಹೆಚ್ಚುಕಡಿಮೆ ಪೂರ್ತಿ ಮುಚ್ಚಿತು. ಬ್ರಿಟನ್ ಮತ್ತು ಉತ್ತರ ಯೂರೋಪಿನವರಿಗೆ ದೊಡ್ಡ ಪಾಲು ಸಿಕ್ಕಿತು. ಎಲ್ಲರಿಗೂ ತೆರೆದಿದ್ದ ಕಾಲದಲ್ಲಿ ಒಳಗೆ ಬಂದವನ ಮಗ ಈಗ ಬಾಗಿಲ ಒಳಗಡೆ ಕೂತಿದ್ದ. ಐದು ವರ್ಷ ಕಳೆಯುವಷ್ಟರಲ್ಲಿ ಷೇರುಪೇಟೆ ಮುಳುಗಿತು. 1932ರ ಜನವರಿಯಲ್ಲಿ ಪಾದ್ರಿ ಜೇಮ್ಸ್ ಕಾಕ್ಸ್ ಸಾವಿರಾರು ನಿರುದ್ಯೋಗಿಗಳನ್ನು ಕಟ್ಟಿಕೊಂಡು ಮೆಲನ್ನರದೇ ಊರಾದ ಪಿಟ್ಸ್‌ಬರ್ಗಿನಿಂದ ವಾಷಿಂಗ್ಟನ್ನಿಗೆ ಹೊರಟರು. ಅದೇ ತಿಂಗಳು ಕಾಂಗ್ರೆಸ್ಸಿನಲ್ಲಿ ಆಂಡ್ರೂವಿನ ಮೇಲೆ ಮಹಾಭಿಯೋಗದ ನಿರ್ಣಯ ಬಂತು. ಅದು ಮುಂದುವರಿಯುವ ಮೊದಲೇ ಅವನನ್ನು ಲಂಡನ್ನಿಗೆ ರಾಯಭಾರಿಯಾಗಿ ಕಳಿಸಿದರು. ನಂತರ ರೂಸ್ವೆಲ್ಟ್ ಸರ್ಕಾರ ತೆರಿಗೆ ವಂಚನೆಯ ಮೊಕದ್ದಮೆ ಹೂಡಿತು. ವಂಚನೆ ನಡೆದಿಲ್ಲ ಎಂಬ ತೀರ್ಪು ಬರುವ ಹೊತ್ತಿಗೆ ಅವನು ಬದುಕಿರಲಿಲ್ಲ.

ಆ ಮೊಕದ್ದಮೆ ನಡೆಯುತ್ತಿರುವಾಗಲೇ ಅವನು ಅದೇ ರೂಸ್ವೆಲ್ಟರಿಗೆ ಕಾಗದ ಬರೆದು ದೇಶಕ್ಕೊಂದು ಕಲಾಭವನ ಕಟ್ಟಿಸಿಕೊಡುವುದಾಗಿ ಹೇಳಿದ. 1930-31ರಲ್ಲಿ ವಿದೇಶಿ ಹಣಕ್ಕಾಗಿ ಪರದಾಡುತ್ತಿದ್ದ ಸೋವಿಯತ್ ಸರ್ಕಾರದಿಂದ ಹರ್ಮಿಟೇಜ್ ಸಂಗ್ರಹದ 21 ಚಿತ್ರಗಳನ್ನು 66 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಗುಟ್ಟಾಗಿ ಕೊಂಡಿದ್ದ. ರಾಫೆಲ್‌ನ ‘ಆಲ್ಬಾ ಮಡೋನಾ’ ಅದರಲ್ಲೊಂದು. ಎಲ್ಲವನ್ನೂ ದೇಶಕ್ಕೆ ಬಿಟ್ಟುಕೊಟ್ಟ. ಒಂದು ಮಾತಿಗೆ ಮಾತ್ರ ಪಟ್ಟು ಹಿಡಿದ: ಭವನಕ್ಕೆ ತನ್ನ ಹೆಸರು ಇಡಕೂಡದು. ಬೇರೆ ಸಂಗ್ರಾಹಕರು ಆಗ ಮಾತ್ರ ತಮ್ಮ ಚಿತ್ರಗಳನ್ನು ಕೊಡುತ್ತಾರೆಂದು ಅವನಿಗೆ ಗೊತ್ತಿತ್ತು. 1937ರ ಆಗಸ್ಟ್ 26ರಂದು ಅವನು ತೀರಿಕೊಂಡ, ಮರುದಿನವೇ ಭವನದ ವಾಸ್ತುಶಿಲ್ಪಿ ಜಾನ್ ರಸೆಲ್ ಪೋಪ್ ಕೂಡ. 1941ರ ಮಾರ್ಚ್‌ನಲ್ಲಿ ಭವನವನ್ನು ದೇಶದ ಪರವಾಗಿ ಸ್ವೀಕರಿಸಿದವರು ರೂಸ್ವೆಲ್ಟರೇ.

ಮೂರನೇ ಪೀಳಿಗೆಯಲ್ಲಿ ಎಲ್ಲರಿಗೂ ಹಣ ಗಳಿಸುವ ಹಸಿವಿರಲಿಲ್ಲ. ಆಂಡ್ರೂವಿನ ಮಗ ಪಾಲ್ ಮೆಲನ್ ಬ್ಯಾಂಕಿನ ಕಡೆ ತಲೆ ಹಾಕದೆ ಪುಸ್ತಕ, ಚಿತ್ರ, ಕುದುರೆಗಳ ನಡುವೆ 91 ವರ್ಷ ಬದುಕಿದರು. ಅವರು ಮತ್ತು ಅವರ ಮೊದಲ ಹೆಂಡತಿ ಮೇರಿ ಕಟ್ಟಿದ ಬೋಲಿಂಗನ್ ಪ್ರತಿಷ್ಠಾನದ ಋಣ ನಮ್ಮ ಮೇಲೂ ಇದೆ. ಭಾರತೀಯ ಕಲೆ, ದರ್ಶನಗಳ ಬಗ್ಗೆ ಹೈನ್‌ರಿಶ್ ಜಿಮ್ಮರ್ ಬರೆದಿಟ್ಟು ಹೋದದ್ದನ್ನು ಜೋಸೆಫ್ ಕ್ಯಾಂಬೆಲ್ ತಿದ್ದಿ ತಂದ ಗ್ರಂಥಗಳು ಬೆಳಕು ಕಂಡದ್ದು ಬೋಲಿಂಗನ್ ಮಾಲೆಯಲ್ಲೇ. ಆನಂದ ಕುಮಾರಸ್ವಾಮಿಯವರ ಆಯ್ದ ಬರಹಗಳೂ ಅದೇ ಮಾಲೆಯಲ್ಲಿ ಬಂದವು. ಅತ್ತ ಪಿಟ್ಸ್‌ಬರ್ಗಿನಲ್ಲಿ ರಿಚರ್ಡನ ಮಗ ರಿಚರ್ಡ್ ಕಿಂಗ್ ಮೆಲನ್, ತಾನು ರಿಪಬ್ಲಿಕನ್ ಆಗಿದ್ದರೂ, ಡೆಮಾಕ್ರಟಿಕ್ ಮೇಯರ್ ಡೇವಿಡ್ ಲಾರೆನ್ಸ್ ಜೊತೆ ಕೈಜೋಡಿಸಿ, ಹಗಲಲ್ಲೂ ಬೀದಿದೀಪ ಉರಿಸಬೇಕಾಗಿದ್ದ ಊರಿನ ಹೊಗೆ ಕಳೆದ.

ಈಗ ಮರಿಮಕ್ಕಳ ಮಾತು. ಗಲ್ಫ್ ಆಯಿಲ್ ಕಟ್ಟಿದ ವಿಲಿಯಂ ಲ್ಯಾರಿಮರನಿಗೆ ಅದೇ ಹೆಸರಿನ ಮಗ, 1910ರಲ್ಲಿ ಹುಟ್ಟಿದವರು. ಎಲ್ಲರೂ ಲ್ಯಾರಿ ಎನ್ನುತ್ತಿದ್ದರು. ಅರಿಜೋನಾದಲ್ಲಿ ದನ ಸಾಕಿಕೊಂಡಿದ್ದರು. 1947ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಆಲ್ಬರ್ಟ್ ಶ್ವೈಟ್ಜರ್ ಎಂಬ ವೈದ್ಯರು ಆಫ್ರಿಕಾದಲ್ಲಿ ನಡೆಸುತ್ತಿದ್ದ ಆಸ್ಪತ್ರೆಯ ಬಗ್ಗೆ ಓದಿದರು. ಶ್ವೈಟ್ಜರಿಗೆ ಕಾಗದ ಬರೆದರು. ಉತ್ತರ ಬಂತು. ನಲವತ್ತರ ಹತ್ತಿರದ ವಯಸ್ಸಿನಲ್ಲಿ ಟುಲೇನ್ ವಿಶ್ವವಿದ್ಯಾಲಯದಲ್ಲಿ ಹುಡುಗರ ಪಕ್ಕದಲ್ಲಿ ಕೂತು ವೈದ್ಯಕೀಯ ಓದಿದರು. 1956ರ ಜೂನ್‌ನಲ್ಲಿ ಹೈಟಿಯ ಆರ್ಟಿಬೊನೀಟ್ ಕಣಿವೆಯ ದೆಶಾಪೆಲ್ ಎಂಬಲ್ಲಿ ಶ್ವೈಟ್ಜರ್ ಹೆಸರಿನ ಆಸ್ಪತ್ರೆ ತೆರೆದರು. ಹೆಂಡತಿ ಗ್ವೆನ್ ಜೊತೆಗೆ ನಿಂತರು. ಆಸ್ಪತ್ರೆ ಕಟ್ಟಿದ ಮೇಲೆ ಊರಿಗೆ ನೀರು ಬೇಕೆಂದು ಕಂಡು ಕೊಳವೆ ಹಾಕಿಸುವ, ಚಿಲುಮೆ ಕಟ್ಟಿಸುವ ಕೆಲಸಕ್ಕಿಳಿದರು. 1989ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಅಣ್ಣ ಮ್ಯಾಥ್ಯೂ, ಕ್ಯಾಂಪ್ ಹಿಲ್ಲಿನ ಹಳೆಯ ಮನೆಯ ಜೀರ್ಣೋದ್ಧಾರಕ್ಕೆ ನೆರವಾದರು. ಅದರ ಸುತ್ತ 1976ರಲ್ಲಿ ವಲಸೆಯ ಚರಿತ್ರೆ ಹೇಳುವ ಅಲ್‌ಸ್ಟರ್ ಅಮೆರಿಕನ್ ಜಾನಪದ ಉದ್ಯಾನ ಎದ್ದಿತು.

ಆಂಡ್ರೂವಿನ ತಮ್ಮ ರಿಚರ್ಡನ ಮಗಳು ಸಾರಾಳ ಮಗಳು ಕಾರ್ಡೀಲಿಯಾ ಸ್ಕೇಫ್ ಮೇ ಕೂಡ ಥಾಮಸನ ಮರಿಮಗಳೇ. ಹಕ್ಕಿಗಳನ್ನು, ಕಾಡನ್ನು ಪ್ರೀತಿಸಿದವರು. ಕುಟುಂಬ ಯೋಜನೆಗೆ ಧಾರಾಳವಾಗಿ ಕೊಟ್ಟವರು. ಜನಸಂಖ್ಯೆಯ ಚಿಂತೆ ಬರುಬರುತ್ತಾ ವಲಸಿಗರ ವಿರೋಧಕ್ಕೆ ತಿರುಗಿತು. ಅಮೆರಿಕದಲ್ಲಿ ವಲಸೆ ತಡೆಯಬೇಕೆನ್ನುವ ಸಂಘಟನೆಗಳಿಗೆ ಹಣದ ದೊಡ್ಡ ಮೂಲವಾದರು. 2005ರಲ್ಲಿ ಅವರು ತೀರಿಕೊಂಡ ಮೇಲೂ ಅವರು ಸ್ಥಾಪಿಸಿದ ಕಾಲ್ಕಾಮ್ ಪ್ರತಿಷ್ಠಾನ ಆ ಹಣ ಹರಿಸುತ್ತಲೇ ಬಂದಿದೆ. ಪಾಲ್ ಮೆಲನ್ನರ ಮಗ ತಿಮೊತಿ ಮೆಲನ್ 2021ರಲ್ಲಿ, ಮೆಕ್ಸಿಕೋ ಗಡಿಗೆ ಗೋಡೆ ಕಟ್ಟಲು ಟೆಕ್ಸಾಸ್ ರಾಜ್ಯ ತೆರೆದ ನಿಧಿಗೆ 5.31 ಕೋಟಿ ಡಾಲರ್ ಬೆಲೆಯ ಷೇರುಗಳನ್ನು ಕೊಟ್ಟರು. ಆ ನಿಧಿಗೆ ಬಂದ ದೇಣಿಗೆಯಲ್ಲಿ ಬಹುಪಾಲು ಈ ಒಬ್ಬರದೇ.

ಒಂದೇ ಮುತ್ತಜ್ಜನ ಹಣ. ಒಂದು ಕಡೆ ಅದು ಹೈಟಿಯ ಬಡವರ ಆಸ್ಪತ್ರೆಯಾಯಿತು, ಇನ್ನೊಂದು ಕಡೆ ಬಡವರು ಒಳಗೆ ಬರದಂತೆ ತಡೆಯುವ ಗೋಡೆಗೆ ಹೋಯಿತು. ಇದನ್ನು ಬರೀ ಮನುಷ್ಯರ ಸ್ವಭಾವಭೇದ ಎಂದು ಬಿಟ್ಟುಬಿಡಲು ನಾನು ಸಿದ್ಧನಿಲ್ಲ. ನಾವು ಗೆದ್ದದ್ದು ನಮ್ಮ ಕುಲದ ಗುಣದಿಂದ ಎಂದು ಮುತ್ತಜ್ಜ ಬರೆದಿಟ್ಟ. ಅದನ್ನು ನಂಬಿದವರಿಗೆ ಬಾಗಿಲಲ್ಲಿ ನಿಂತ ಹೊಸಬರು ಬೇರೆ ಜಾತಿಯ ಮನುಷ್ಯರಾಗಿ ಕಾಣುವುದು ತಪ್ಪುವುದಿಲ್ಲ. ಲ್ಯಾರಿ ಮೆಲನ್ ಆ ಮಾತನ್ನು ನಂಬಲಿಲ್ಲ.

ಈ ಮನೆತನದ ಬಗ್ಗೆ ಓದಬೇಕೆನ್ನುವವರು ಆಂಡ್ರೂವಿನ ಜೀವನಚರಿತ್ರೆಗಳನ್ನು ಆಮೇಲೆ ಓದಿ, ಮೊದಲು ಥಾಮಸನ ಪುಸ್ತಕ ಓದಿ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಕಾಶನ 1994ರಲ್ಲಿ ಅದನ್ನು ಮತ್ತೆ ಅಚ್ಚುಹಾಕಿದೆ, ಈಗ ಅದು ಮನೆಯವರಿಗಷ್ಟೇ ಅಲ್ಲ, ಎಲ್ಲರಿಗೂ ಸಿಗುತ್ತದೆ. ಅಡಮಾನದ ಅಧ್ಯಾಯಗಳು ಬೇಸರ ತಂದರೆ ಹಾರಿಸಿ. ಗ್ರೀನ್ಸ್‌ಬರ್ಗಿನ ಓಟವನ್ನೂ ಸೆಲ್ವಿನ್ನನ ಸಾವನ್ನೂ ಮಾತ್ರ ಬಿಡಬೇಡಿ.